ಒಂದೇ ಹೆಸರಿನ ಎರಡು ಮಿಂಚು

ಇಳಕಲ್ಲಿನಿಂದ ಹುನಗುಂದದ ಕಡೆಗೆ ಹೊರಟವರಿಗೆ, ಊರು ದಾಟುತ್ತಿದ್ದಂತೆ, ರಸ್ತೆಯ ಎರಡೂ ಮಗ್ಗುಲಿಗೆ ಕಲ್ಲಿನ ಅಂಗಳಗಳು ಕಾಣತೊಡಗುತ್ತವೆ. ಕೆಂಪು, ನಸುಗೆಂಪು, ಬೂದು ಬಣ್ಣದ ಚಪ್ಪಡಿಗಳು ಕಬ್ಬಿಣದ ಚೌಕಟ್ಟಿಗೆ ಒರಗಿ, ಎರಡನೆಯ ಪಂಕ್ತಿಗಾಗಿ ಕಾಯುವ ಬೀಗರಂತೆ ಸಾಲಾಗಿ ನಿಂತಿರುತ್ತವೆ. ಅವುಗಳಲ್ಲಿ ಒಂದು ಅಂಗಳ ಶಿವಬಸವ್ವನದು. ಹೆಸರಿನ ಹಲಗೆಯ ಮೇಲೆ ಆಕೆಯ ಮಾವನವರ ಹೆಸರಿದೆ. ಆದರೆ ಆ ಹೆಸರು ಹೇಳಿದರೆ ಆಟೋದವನಿಗೆ ತಿಳಿಯುವುದಿಲ್ಲ. "ಶಿವಬಸವ್ವನ ಕಲ್ಲು" ಎಂದರೆ ಸಾಕು, ನೇರವಾಗಿ ಬಾಗಿಲಿಗೆ ತಂದು ಇಳಿಸುತ್ತಾನೆ.

ಐವತ್ತು ದಾಟಿದ ಹೆಂಗಸು. ತುಂಬಿದ ಮೈಕಟ್ಟು, ಹಣೆಯ ಮೇಲೆ ವಿಭೂತಿ, ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸಿದ ನಿಲುವು. ಗಿರಾಕಿ ಬಂದು ಚಪ್ಪಡಿಯೊಂದನ್ನು ಬೊಟ್ಟು ಮಾಡಿ ತೋರಿಸಿದರೆ ಆಕೆ ಮೊದಲು ಬೆಲೆ ಹೇಳುವುದಿಲ್ಲ.

"ಎಲ್ಲಿಗೆ ಬೇಕ್ರಿ? ನೀರು ಬೀಳೂ ಜಾಗಕ್ಕೋ, ಒಣಾ ಜಾಗಕ್ಕೋ?" ಎಂದು ಕೇಳುತ್ತಾಳೆ.

"ಕಲ್ಲಿಗೆ ನೀರಿನ ಅಂಜಿಕಿ ಏನ್ರಿ ಯಕ್ಕಾ?" ಎಂದು ಯಾರಾದರೂ ನಕ್ಕರೆ, "ಕಲ್ಲಿಗೂ ನೆಗಡಿ ಬರ್ತೈತ್ರಿ. ನೀವು ಕಂಡಿಲ್ಲ ಅಷ್ಟ" ಎನ್ನುತ್ತಾಳೆ.

ಆಕೆಯ ಗಂಡ ಅಮಾತೆಪ್ಪನಿಗೆ ಕಲ್ಲಿನ ಧೂಳು ಆಗಿಬರುವುದಿಲ್ಲ. ಊರೊಳಗೆ ಸೀರೆಯ ಅಂಗಡಿ ಇಟ್ಟುಕೊಂಡು, ಬಿಳಿಯ ಗಾದಿಯ ಮೇಲೆ ಕುಳಿತು ಟೋಪಿ ತೆನೆ ವಿನ್ಯಾಸದ ಇಳಕಲ್ ಸೆರಗುಗಳನ್ನು ಬಿಚ್ಚಿ ತೋರಿಸುವುದರಲ್ಲಿ ಆತನಿಗೆ ಸುಖ. ಹೀಗಾಗಿ ಮಾವನವರು ಕೈಲಾಗದೆ ಕುಳಿತಾಗ ಅಂಗಳ ಸೊಸೆಯ ಪಾಲಿಗೆ ಬಂತು. "ಗಂಡ ಸೀರಿ ಮಡಚತಾನ, ಹೆಂಡ್ತಿ ಕಲ್ಲು ಮಡಚತಾಳ" ಎಂದು ಓಣಿಯವರು ಹಾಸ್ಯ ಮಾಡಿದರು. ಶಿವಬಸವ್ವ ಅದನ್ನು ಕೇಳಿ ತಾನೂ ನಕ್ಕಳು. ಐಹೊಳೆಯಲ್ಲಿ ಹುಟ್ಟಿ, ಹೊಲಕ್ಕೆ ಬುತ್ತಿ ಒಯ್ಯುವ ದಾರಿಯಲ್ಲೆಲ್ಲ ಹಳೆಯ ಗುಡಿಗಳ ಗೋಡೆಯನ್ನು ಕೈಯಿಂದ ಸವರುತ್ತ ನಡೆದು ಬೆಳೆದವಳಿಗೆ ಕಲ್ಲು ಹೊಸದೇನೂ ಅಲ್ಲ.

ಆದರೆ ಕಲ್ಲು ಆಕೆಗೂ ಒಮ್ಮೆ ಮೋಸ ಮಾಡಿತ್ತು. ತಂಗಿ ಕಸ್ತೂರಿಯನ್ನು ಪಟ್ಟದಕಲ್ಲಿಗೆ ಕೊಟ್ಟಿದ್ದರು. ಆಕೆ ಹೊಸ ಮನೆ ಕಟ್ಟಿಸಿದಾಗ ಶಿವಬಸವ್ವ ಬಚ್ಚಲಿಗೆಂದು ಚೆಲುವಾದ ಚಪ್ಪಡಿಯೊಂದನ್ನು ಪ್ರೀತಿಯಿಂದ ಕಳಿಸಿದಳು. ನಸುಗೆಂಪು ಮೈ, ನಡುನಡುವೆ ಹೊಂಬಣ್ಣದ ಚುಕ್ಕೆ. ಎರಡು ಮಳೆಗಾಲ ಕಳೆದ ಮೇಲೆ ತಂಗಿಯ ಮನೆಗೆ ಹೋದರೆ ಕಸ್ತೂರಿ ನೆಂಟರೆಲ್ಲರ ಎದುರಿಗೆ, "ಅಕ್ಕಾ, ನಿನ್ನ ಕಲ್ಲು ಎಲಿಅಡಿಕಿ ತಿಂದು ಉಗಳಾಕತ್ತೈತಿ, ಬಂದು ನೋಡು" ಎಂದಳು. ಮನೆಯವರೆಲ್ಲ ಗೊಳ್ಳೆಂದು ನಕ್ಕರು. ಶಿವಬಸವ್ವ ಬಚ್ಚಲಿಗೆ ಹೋಗಿ ಮೊಣಕಾಲೂರಿ ಕುಳಿತಳು. ಹೊಂಚುಕ್ಕೆ ಇದ್ದ ಕಡೆಯಲ್ಲೆಲ್ಲ ಸಣ್ಣ ಕುಳಿ. ಪ್ರತಿ ಕುಳಿಯಿಂದಲೂ ಕೆಳಕ್ಕೆ ಇಳಿದ ಕಂದು ಬಣ್ಣದ ಗೆರೆ. ತಿಕ್ಕಿದರೆ ಹೋಗಲಿಲ್ಲ. ಇನ್ನೂ ಉಳಿದಿದ್ದ ಒಂದು ಚುಕ್ಕೆಯನ್ನು ಉಳಿಯಿಂದ ಎಬ್ಬಿಸಿ, ಸೆರಗಿನ ತುದಿಗೆ ಕಟ್ಟಿಕೊಂಡು ಬಂದಳು.

ಅದರ ಹೆಸರು ತಿಳಿದದ್ದು ಮುಂದೆ, ಧಾರವಾಡದಿಂದ ಕಾಲೇಜು ಹುಡುಗರನ್ನು ಖಣಿ ತೋರಿಸಲು ಕರೆತಂದ ಭೂವಿಜ್ಞಾನದ ಉಪನ್ಯಾಸಕಿಯೊಬ್ಬರಿಂದ. ಅವರು ಆ ಚೂರನ್ನು ಅಂಗೈಯಲ್ಲಿಟ್ಟು ತೂಗಿ ನೋಡಿ, "ಇದು ಪೈರೈಟ್. ಕಣ್ಣಿಗೆ ಹಿತ್ತಾಳೆ, ಗೆರೆ ಎಳೆದರೆ ಕಪ್ಪು, ಗಾತ್ರಕ್ಕಿಂತ ತೂಕ ಹೆಚ್ಚು, ಚಾಕುವಿಗೆ ಜಗ್ಗುವುದಿಲ್ಲ" ಎಂದು ಒಂದೊಂದನ್ನೂ ಮಾಡಿ ತೋರಿಸಿದರು. ಶಿವಬಸವ್ವ ಒಮ್ಮೆ ನೋಡಿದ್ದನ್ನು ಮರೆಯುವವಳಲ್ಲ. ಆದರೆ ನಾಲಿಗೆ ಮಾತ್ರ ಆ ಹೆಸರಿಗೆ ಒಗ್ಗಲಿಲ್ಲ, 'ಪೈರಾಟಿ' ಎಂದಿತು. ಅಂಗಳದ ಆಳುಗಳಿಗೆ ಅಷ್ಟೂ ಬರಲಿಲ್ಲ. ಕಲ್ಲಿನೊಳಗೆ ಮಿಂಚುವುದೆಲ್ಲ ಅವರಿಗೆ ಮೊದಲಿನಿಂದಲೂ ಕಾಗಿಬಂಗಾರ. ಪುಸ್ತಕದವರು ಅಭ್ರಕ ಎನ್ನುವ, ಪದರು ಪದರಾಗಿ ಕಳಚುವ ತೆಳುವಾದ ಮಿಂಚೂ ಕಾಗಿಬಂಗಾರ, ಈ ಪೈರಾಟಿಯೂ ಕಾಗಿಬಂಗಾರ. ಗಿರಾಕಿಗಳೂ ಹಾಗೆಯೇ ಎನ್ನುತ್ತಿದ್ದರು. ಮಾತಿನ ಓಟದಲ್ಲಿ ಶಿವಬಸವ್ವನೂ ಹಾಗೆಯೇ ಎನ್ನುತ್ತಿದ್ದಳು. ಆಕೆಗೆ ಯಾವುದು ಯಾವುದೆಂದು ಗೊತ್ತಿತ್ತು, ಅಷ್ಟು ಸಾಕೆಂದುಕೊಂಡಿದ್ದಳು. ನೀರು ಬೀಳುವ ಜಾಗಕ್ಕೆ ಪೈರಾಟಿಯ ಕಲ್ಲು ತನ್ನ ಅಂಗಳದಿಂದ ಹೋಗಕೂಡದು ಎಂಬುದೊಂದನ್ನು ಮಾತ್ರ ಬಿಗಿಯಾಗಿ ಹಿಡಿದಳು. "ನನ್ನ ಕಲ್ಲು ಅಳಂಗಿಲ್ಲ" ಎಂಬುದು ಆಕೆ ಗಿರಾಕಿಗಳಿಗೆ ಕೊಡುವ ಮಾತು. ಬಾಗಲಕೋಟೆಯಿಂದ, ಬಾದಾಮಿಯಿಂದ ಜನ ಹುಡುಕಿಕೊಂಡು ಬರುತ್ತಿದ್ದುದು ಆ ಒಂದು ಮಾತಿಗಾಗಿ.

ಆ ಮಾತನ್ನು ನಂಬಿ ಬಂದವರಲ್ಲಿ ಸರಸ್ವತೀಬಾಯಿಯವರೂ ಒಬ್ಬರು. ಎಂಬತ್ತು ದಾಟಿದ ಅಜ್ಜಿ, ಬಾಗಲಕೋಟೆಯ ನವನಗರದಲ್ಲಿ ಮಗ ಪಂಢರೀನಾಥರಾಯರ ಮನೆಯಲ್ಲಿ ಇರುವವರು. ರಾಯರು ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು. ಹಳೆಯ ಬಾಗಲಕೋಟೆಯ ಮನೆ ಅಣೆಕಟ್ಟಿನ ಹಿನ್ನೀರಿಗೆ ಹೋದಾಗ ತುಳಸಿಯ ಕಟ್ಟೆಯೂ ಹೋಗಿತ್ತು. ನವನಗರದಲ್ಲಿ ಇಷ್ಟು ವರ್ಷ ತುಳಸಿ ಮಣ್ಣಿನ ಕುಂಡದಲ್ಲಿಯೇ ಬೆಳೆದಿತ್ತು. ಈ ಸಲ ಕಾರ್ತಿಕದ ತುಳಸಿ ಲಗ್ನದ ಹೊತ್ತಿಗೆ ಕಲ್ಲಿನ ವೃಂದಾವನ ಆಗಲೇಬೇಕೆಂದು ಅಜ್ಜಿ ಹಟ ಹಿಡಿದರು.

"ನಮ್ಮ ಹಳೀ ಕಟ್ಟ್ಯಾಗ ಕಾಗಿಬಂಗಾರ ಇತ್ತು. ಬಿಸಿಲು ಬಿದ್ರ ಮಿಣಮಿಣ ಅಂತಿತ್ತು. ಅಂಥಾದ್ದು ಸಿಕ್ಕರ ನೋಡವಾ" ಎಂದು ಶಿವಬಸವ್ವನಿಗೆ ಹೇಳಿ ಹೋದರು. ಆಗ ಕಲ್ಲು ಕೆತ್ತುವ ಮುಕ್ತಾರ ಅಲ್ಲಿಯೇ ನಿಂತಿದ್ದ.

ಅದಾದ ವಾರವೇ ಶಿವಬಸವ್ವ ತವರಿನ ಮದುವೆಗೆಂದು ಐಹೊಳೆಗೆ ಹೋದಳು. ಮುಕ್ತಾರ ಅಜ್ಜಿಯ ಮಾತನ್ನು ನೆನಪಿಟ್ಟು, ಅಂಗಳವೆಲ್ಲ ಹುಡುಕಿ, ಮೂಲೆಯಲ್ಲಿದ್ದ ಒಂದು ಬ್ಲಾಕಿನ ಒಡೆದ ಅಂಚಿನಲ್ಲಿ ಹೊಂಬಣ್ಣದ ಮಿಂಚು ಕಂಡು, ಸಂತೋಷದಿಂದ ಅದನ್ನೇ ಆರಿಸಿಕೊಂಡ. ನಾಲ್ಕು ಮೂಲೆಗೆ ಕಮಲ, ಮುಂದುಗಡೆ ಶಂಖ, ಚಕ್ರ, ನಡುವೆ ದೀಪದ ಗೂಡು. ಶಿವಬಸವ್ವ ಮರಳಿ ಬಂದಾಗ ಕೆತ್ತನೆಯ ಮೇಲೆಲ್ಲ ಬಿಳಿಯ ಧೂಳು ಕವಿದಿತ್ತು, ಏನೂ ಕಾಣುತ್ತಿರಲಿಲ್ಲ. ಪಾಲಿಶ್ ಮುಗಿಸಿ ತೊಳೆದ ದಿನ ಶಂಖದ ಸುತ್ತ, ಗೂಡಿನ ಕೆಳಗೆ, ಸಾಸಿವೆ ಎರಚಿದಂತೆ ಹಳದಿ ಚುಕ್ಕೆಗಳು ಎದ್ದು ನಿಂತವು. ಆಕೆ ಬಗ್ಗಿ ನೋಡಿದಳು. ಪೈರಾಟಿಯೇ.

ಅಷ್ಟರಲ್ಲಿ ಕಾರು ಬಂದು ನಿಂತಿತು. ತುಳಸಿ ಲಗ್ನಕ್ಕೆ ಇನ್ನೊಂದು ವಾರ ಉಳಿದಿತ್ತು. ವೃಂದಾವನ ನೋಡಿ ಹೋಗಲು ಅಜ್ಜಿ ಮಗನ ಜೊತೆ ತಾವೇ ಬಂದಿದ್ದರು.

"ಅಯ್ಯಯ್ಯ, ಪಂಢರೀ, ನೋಡೋ!" ಸರಸ್ವತೀಬಾಯಿಯವರು ಕಲ್ಲಿನ ಎದುರಿಗೆ ನಿಂತು ಎರಡೂ ಕೈ ಗಲ್ಲಕ್ಕೆ ಹಚ್ಚಿಕೊಂಡರು. "ಹಳೀ ಕಟ್ಟಿನs ಎದ್ದು ಬಂದಂಗ ಆಗೇದ. ಕಾಗಿಬಂಗಾರ ಹೆಂಗ ಮಿಂಚಲಿಕ್ಕತ್ತದ! ಏ ತಮ್ಮಾ, ನಿನ್ನ ಕೈ ಚಿನ್ನದ್ದು."

ಮುಕ್ತಾರ ನಾಚಿ, ತಲೆಗೆ ಕಟ್ಟಿದ ವಸ್ತ್ರ ಬಿಚ್ಚಿ ಮುಖ ಒರೆಸಿಕೊಂಡ.

"ಅಮ್ಮಾರ" ಎಂದಳು ಶಿವಬಸವ್ವ. "ಇದನ್ನ ನಾ ನಿಮಗ ಕೊಡಂಗಿಲ್ರಿ."

ಅಜ್ಜಿಯ ಕೈ ಗಲ್ಲದಿಂದ ಕೆಳಗಿಳಿಯಿತು.

"ಯಾಕವಾ?"

"ಇದು ನೀರಿಗೆ ಬಾಳಂಗಿಲ್ರಿ. ಒಂದೆರಡು ಮಳಿಗಾಲದಾಗ ತುಕ್ಕು ಇಳೀತೈತಿ. ತುಳಸವ್ವನ ಕಟ್ಟಿಗೆ ದಿನಾ ಮುಂಜಾನಿ ನೀರು ಬೀಳತೈತಿ. ಇದು ಆಗಂಗಿಲ್ಲ."

"ಏನಂತ ಮಾತಾಡ್ತಿ?" ಅಜ್ಜಿಯ ದನಿ ಏರಿತು. "ಮದಿವ್ಯಾಗಿ ಬಂದಾಗಿಂದ ಊರು ಬಿಡೋತನಕಾ ಆ ಕಟ್ಟಿಗೆ ನಾನs ನೀರು ಹಾಕೀನಿ. ಅದರಾಗೂ ಕಾಗಿಬಂಗಾರನs ಇತ್ತು. ತುಕ್ಕು ಅನ್ನೋದು ನಾ ಕಂಡಿಲ್ಲ. ಕಲ್ಲಿನ ಮುಂದ ಕೂತು ಮುದುಕಿ ಆದಾಕಿಗೆ ಕಲ್ಲಿನ ಸುದ್ದಿ ಹೇಳ್ತಿ?"

"ಅವ್ವಾ, ಸ್ವಲ್ಪ ತಡಿ" ಎಂದರು ರಾಯರು.

"ನೀ ಸುಮ್ನಿರು. ಶಿವಬಸವ್ವಾ, ಖರೆ ಹೇಳು. ಚೊಲೋ ಆಗೇದಂತ ಬ್ಯಾರೆ ಯಾರಿಗರೆ ಕೊಡೂ ಮನಸು ಮಾಡೀ ಏನು?"

ಶಿವಬಸವ್ವನ ಕಿವಿ ಬಿಸಿಯಾಯಿತು. ಇಷ್ಟು ವರ್ಷದ ವ್ಯಾಪಾರದಲ್ಲಿ ಆ ಮಾತನ್ನು ಆಕೆಗೆ ಯಾರೂ ಅಂದಿರಲಿಲ್ಲ. ಮಗ ಚೇತನಕುಮಾರ ಹತ್ತಿರ ಬಂದು ಮೆಲ್ಲಗೆ, "ಯವ್ವಾ, ಅವರಿಗೆ ಬೇಕು ಅಂದಮ್ಯಾಲೆ ನಿಂದೇನು? ಒಯ್ಲಿ ಬಿಡು" ಎಂದ.

"ಒಯ್ದು ಇಡ್ತಾರ. ಅದು ಅತ್ತಾಗ ನೀ ಹೋಗಿ ಒರಸ್ತೀ ಏನಪಾ?"

ಕೊಟ್ಟುಬಿಡುವುದು ಸುಲಭವಾಗಿತ್ತು. ಅಜ್ಜಿ ಹರಸಿಕೊಂಡು ಒಯ್ಯುತ್ತಿದ್ದರು. ಮುಕ್ತಾರನ ಕೆಲಸ ನಾಲ್ಕು ಜನರ ಕಣ್ಣಿಗೆ ಬೀಳುತ್ತಿತ್ತು. ಕೊಡದಿದ್ದರೆ, ದೊಡ್ಡ ಜೀವವೊಂದು ತನ್ನನ್ನು ಸುಳ್ಳುಗಾತಿ ಎಂದುಕೊಂಡು ಹೋಗುತ್ತಿತ್ತು. ಕೊಟ್ಟರೂ ತನ್ನ ಮಾತು ಸುಳ್ಳಾಗುತ್ತದೆ, ಕೊಡದಿದ್ದರೂ ಸುಳ್ಳಾಗುತ್ತದೆ. ಶಿವಬಸವ್ವ ಸಿಟ್ಟು ನುಂಗಿ ನಿಂತಳು. ಅಜ್ಜಿ ಸುಳ್ಳು ಹೇಳುತ್ತಿಲ್ಲ, ತಾನೂ ಹೇಳುತ್ತಿಲ್ಲ. ಹಾಗಾದರೆ ಎಲ್ಲಿ ತಪ್ಪಿತು? ಅದು ತಟ್ಟನೆ ಹೊಳೆಯಿತು.

"ಅಮ್ಮಾರ, ಒಂದು ಕೇಳ್ತೇನಿ. ಆ ಹಳೀ ಕಟ್ಟಿ ಎಲ್ಲೀ ಕಲ್ಲು?"

"ಬಾದಾಮಿ ಕಡೀದು. ಕೆಂಪಂದು."

"ಅದನ್ನ ತೊಳದು ಸಾರಿಸಿದಾಗ ಮಿಂಚು ಕೈಗೆ ಹತ್ತತಿತ್ತೇನ್ರಿ?"

ಅಜ್ಜಿಯ ಮುಖ ಸಡಿಲಾಯಿತು. "ಹತ್ತತಿತ್ತಲ್ಲ! ರಂಗೋಲಿ ಹಾಕಿ ಎದ್ರ ಬೆರಳ ತುಂಬ ಮಿಂಚು. ಈ ಪಂಢರೀ ಸಣ್ಣಾಂವ ಇದ್ದಾಗ ಉಗುರಿಲೆ ಕೆದರಿ ಕೆದರಿ ಗಲ್ಲಕ್ಕ ಹಚ್ಕೊಂಡು ಬಯಲಾಟದ ರಾಜಾ ಆಗತಿದ್ದ. ಇದ್ದಲಿಲೆ ಬರಕೊಂಡ ಮೀಸಿ ಬ್ಯಾರೆ."

ಬಿಳಿಯ ಮೀಸೆಯ ಪಂಢರೀನಾಥರಾಯರು ಆಕಾಶದ ಕಡೆಗೆ ನೋಡಿದರು. ಮುಕ್ತಾರ ಬಾಯಿಗೆ ವಸ್ತ್ರ ಒತ್ತಿಕೊಂಡ.

"ಹಂಗಾದ್ರ ಇದನ್ನ ಉಗುರಿಲೆ ಕೆದರ್ರಿ."

ಅಜ್ಜಿ ಬಗ್ಗಿ ಕೆದರಿದರು. ಏನೂ ಎದ್ದು ಬರಲಿಲ್ಲ. ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದು ಚುಚ್ಚಿದರು. ಮೊನೆ ಕಿರ್ರೆಂದು ಜಾರಿತು. ಚುಕ್ಕೆಗೆ ಗೀರೂ ಬೀಳಲಿಲ್ಲ, ಪಿನ್ನಿನ ಮೊನೆಯೇ ಮೊಂಡಾಯಿತು.

"ಅದು ಹಗುರ, ಉಗುರಿಗೆ ಬರೂವಂಥಾದ್ದು. ಇದು ಉಕ್ಕಿಗೂ ಬಗ್ಗಂಗಿಲ್ಲ. ಹೆಸರು ಒಂದು, ಜಾತಿ ಎರಡು ಅಮ್ಮಾರ. ಮುಕ್ತಾರ, ಆ ಬ್ಲಾಕಿನ ಚೂರು ಅದಾವೇನು ನೋಡು."

ಮುಕ್ತಾರ ಕೆತ್ತುವಾಗ ಉದುರಿದ ಚೂರುಗಳಲ್ಲಿ ಹುಡುಕಿ ಒಂದನ್ನು ತಂದ. ಅದರ ಬದಿಗೆ ಜೋಳದ ಕಾಳಿನಷ್ಟು ದಪ್ಪದ ಹಳದಿ ಹರಳು, ಪಗಡೆಯ ದಾಳದಂತೆ ಮೂಲೆಮೂಲೆಯೂ ನೆಟ್ಟಗೆ. ರಾಯರು ಕನ್ನಡಕ ಏರಿಸಿ ನೋಡಿದರು. ಒಂದೊಂದು ಮುಖದ ಮೇಲೂ ಹೊಲದಲ್ಲಿ ಬಿತ್ತಿದ ಸಾಲಿನಂತೆ ಸಣ್ಣ ಸಣ್ಣ ಗೆರೆಗಳಿದ್ದವು.

"ಯಾರು ಕಡದದ್ದು ಇದನ್ನ?" ಎಂದರು ಅಜ್ಜಿ.

"ಯಾರೂ ಕಡದಿಲ್ರಿ. ಹುಟ್ಟೂದ ಹಿಂಗ."

"ಹೊಳಪು ಮಾತ್ರ ಬಂಗಾರದ್ದs ಅದ."

"ಬಂಗಾರ ಅಂತೀರಿ? ಹಂಗಾದ್ರ ಒರಿಗೆ ಹಚ್ಚೂಣು. ಚೇತನಾ, ಚಾದ ಕಪ್ಪು ತಾ."

ಚೇತನಕುಮಾರ ಪಿಂಗಾಣಿಯ ಕಪ್ಪು ತಂದ. ಶಿವಬಸವ್ವ ಅದನ್ನು ಬೋರಲು ಹಾಕಿ, ನುಣುಪಿಲ್ಲದ ತಳದ ಬಳೆಯಾಕಾರದ ಅಂಚಿನ ಮೇಲೆ ಆ ಹರಳನ್ನು ಒತ್ತಿ ಎಳೆದಳು. ಹಸಿರು ಮಿಶ್ರವಾದ ಕಪ್ಪು ಗೆರೆ ಮೂಡಿತು. ಕಾಡಿಗೆಯ ಹಾಗೆ.

ಅಜ್ಜಿ ಕಪ್ಪನ್ನು ಕಸಿದುಕೊಂಡರು. ತಮ್ಮ ಬೆರಳಿನ ಉಂಗುರ ತೆಗೆದು, ಅದೇ ಅಂಚಿನ ಇನ್ನೊಂದು ಬದಿಗೆ ತಾವೇ ಎಳೆದರು. ಹಳದಿ ಗೆರೆ ಬಂತು. ಹಳದಿ ಗೆರೆಯನ್ನು ನೋಡಿದರು, ಕಪ್ಪು ಗೆರೆಯನ್ನು ನೋಡಿದರು.

"ಮಾರಿ ಒಂದು, ಒರಿ ಇನ್ನೊಂದು" ಎಂದರು ತಮಗೆ ತಾವೇ.

"ಇನ್ನೂ ಐತ್ರಿ. ಹಿಂದ ಸರೀರಿ." ಶಿವಬಸವ್ವ ಚೂರನ್ನು ನೆಲಕ್ಕಿಟ್ಟು, ಸುತ್ತಿಗೆಯ ಅಂಚಿನಿಂದ ಓರೆಯಾಗಿ ಬಡಿದಳು. ಕಿಡಿ ಹಾರಿತು. ಹರಳು ಬಗ್ಗದೆ, ಪುಡಿಪುಡಿಯಾಗಿ ಸಿಡಿಯಿತು. ಸಣ್ಣ ವಾಸನೆ ಎದ್ದಿತು.

"ದೀಪಾವಳಿ ವಾಸನಿ!" ಎಂದರು ಅಜ್ಜಿ.

"ಗಂಧಕ!" ಎಂದರು ರಾಯರು. ಪಾಠದ ದಿನಗಳ ಉತ್ಸಾಹ ಅವರ ಮುಖಕ್ಕೆ ಮರಳಿತ್ತು. "ಅವ್ವಾ, ಇದು ಕಬ್ಬಿಣ ಮತ್ತ ಗಂಧಕ ಕೂಡಿದ್ದು. ಐರನ್ ಪೈರೈಟ್ ಅಂತ ಮೂವತ್ತು ವರ್ಷ ಬೋರ್ಡಿನ ಮ್ಯಾಲೆ ಬರದೀನಿ, ಕಲ್ಲಿನ್ಯಾಗ ಇವತ್ತs ಭೇಟಿ ಆಗಿದ್ದು. ನೀರು, ಗಾಳಿ ಎರಡೂ ತಾಕಿದ್ರ ಗಂಧಕ ಆಮ್ಲ ಆಗಿ ಹರೀತದ, ಕಬ್ಬಿಣ ತುಕ್ಕಾಗಿ ಉಳೀತದ. ಈಕಿ ಹೇಳೂದು ಬರೋಬ್ಬರಿ ಅದ."

"ಹೌದೇನ್ರಿ ರಾಯರ?" ಶಿವಬಸವ್ವ ಸುತ್ತಿಗೆ ಕೆಳಗಿಟ್ಟು ಅವರ ಕಡೆಗೆ ತಿರುಗಿದಳು. "ಅಳೂದನ್ನ ನಾ ಕಂಡಿದ್ದೆ. ಯಾಕ ಅಳತೈತಿ ಅನ್ನೂದು ಈಗ ತಿಳೀತು ನೋಡ್ರಿ. ಇನ್ನೊಮ್ಮೆ ಹೇಳ್ರಿ, ಗಂಧಕ ಏನ ಆಗತೈತಂದ್ರಿ?"

ರಾಯರು ಇನ್ನೊಮ್ಮೆ ಹೇಳಿದರು. ಮುಕ್ತಾರನೂ ಕುಕ್ಕರಗಾಲಲ್ಲಿ ಕುಳಿತು ಕೇಳಿದ. ಅಜ್ಜಿ ಮಾತ್ರ ಕೇಳುತ್ತಿರಲಿಲ್ಲ. ಅವರ ಅಂಗೈ ಕೆತ್ತಿದ ಕಮಲದ ಮೇಲಿತ್ತು.

"ಅಲ್ಲವಾ, ಎರಡಕ್ಕೂ ಒಂದs ಹೆಸರು ಯಾವ ಪುಣ್ಯಾತ್ಮ ಇಟ್ಟ?"

"ದೂರ ನಿಂತು ನೋಡಿದಾಂವ ಇಟ್ಟಿರಬೇಕ್ರಿ."

"ಅಮ್ಮಾರ, ತಪ್ಪು ನಂದ್ರಿ" ಎಂದ ಮುಕ್ತಾರ. "ಕಾಗಿಬಂಗಾರ ಅಂತ ನೀವು ಅಂದದ್ದು ಕೇಳಿ ನಾನ ಹುಡುಕಿ ಈ ಬ್ಲಾಕ್ ಹಿಡದೆ. ಅಕ್ಕಾರಿಗೆ ಒಂದು ಮಾತು ಕೇಳಲಿಲ್ಲ."

"ನಿಂದೇನು ತಪ್ಪೋ ಹುಚ್ಚಾ. ನಾ ಕೇಳಿದ್ದನ್ನ ನೀ ಕೊಟ್ಟಿ."

"ತಪ್ಪು ಹೆಸರಿಂದು" ಎಂದಳು ಶಿವಬಸವ್ವ. "ಇವತ್ತಿಂದ ಈ ಅಂಗಳದಾಗ ಉಗುರಿಗೆ ಏಳೂದು ಕಾಗಿಬಂಗಾರ. ಇದಕ್ಕ ಬ್ಯಾರೆ ಹೆಸರು ಬೇಕು. ಪೈರಾಟಿ ಅಂದ್ರ ಯಾರ ಬಾಯಾಗೂ ನಿಲ್ಲಂಗಿಲ್ಲ."

"ಅಳುಬಂಗಾರ ಅನ್ರಿ" ಎಂದರು ಅಜ್ಜಿ, ತಡವಿಲ್ಲದೆ. "ಅಳತದಂತೀ ಅಲ್ಲ? ಅಳುಬಂಗಾರ."

ಎಲ್ಲರೂ ನಕ್ಕರು. ಆದರೆ ನಗು ಮುಗಿದ ಮೇಲೆ ಅಜ್ಜಿ ಕಲ್ಲಿನ ಮೇಲಿಂದ ಕೈ ತೆಗೆಯಲಿಲ್ಲ. "ಹೊಸಾದು ಈ ವಾರದಾಗ ಆಗತದೇನಪ್ಪಾ?"

ಮುಕ್ತಾರ ಶಿವಬಸವ್ವನನ್ನು ನೋಡಿ, ತಲೆ ಅಲ್ಲಾಡಿಸಿದ.

"ಮುಂದಿನ ವರ್ಷ ಅಂತೀರಿ. ನನ್ನ ವಯಸ್ಸಿಗೆ ಮುಂದಿನ ವರ್ಷ ಅನ್ನೋದು ಯಾರ ಕೈಯಾಗ ಅದ?"

ಈ ಮಾತನ್ನು ಒರೆಗೆ ಹಚ್ಚಲು ಕಪ್ಪಿನ ತಳವೂ ಬಾರದು, ಸುತ್ತಿಗೆಯೂ ಬಾರದು. ಶಿವಬಸವ್ವ ಅಜ್ಜಿಯನ್ನು ಪಕ್ಕದ ಕಲ್ಲಿನ ಮೇಲೆ ಕೂರಿಸಿ ತಾನೂ ಕುಳಿತಳು. "ಅಮ್ಮಾರ, ನಿಮ್ಮ ಮನ್ಯಾಗ ನಿಮ್ಮ ಹಿಂದ ತುಳಸವ್ವಗ ನೀರು ಹಾಕಾವರು ಯಾರು?"

"ಮೊಮ್ಮಗಳು. ಮಯೂರಿ."

"ಈ ಕಲ್ಲು ಇಟ್ಟರ ನೀವು ನಾಕು ದಿನ ಮಿಂಚು ನೋಡ್ತೀರಿ. ಆಮ್ಯಾಗ ದಿನಾ ಮುಂಜಾನಿ ಎದ್ದು ತಿಕ್ಕಾಕಿ ಮಯೂರಿ. ತಿಕ್ಕಿದ್ರೂ ಹೋಗಂಗಿಲ್ಲ. ಆಕಿ ನನ್ನ ಬೈಲಿ ಬಿಡ್ರಿ, ಮೊದಲ ನಿಮ್ಮನ್ನ ಅಂತಾಳ, ನಮ್ಮಜ್ಜಿ ಎಂಥಾ ಕಲ್ಲು ತಂದಳು ಅಂತ. ನಾ ಇದನ್ನ ಕೊಟ್ಟು ಕಳಸಂಗಿಲ್ಲ. ನೀವು ಸಿಟ್ಟು ಮಾಡ್ಕೊಂಡ್ರೂ ಕಳಸಂಗಿಲ್ಲ."

ಸರಸ್ವತೀಬಾಯಿಯವರು ಕಮಲವನ್ನು ಇನ್ನೊಮ್ಮೆ ಸವರಿದರು. ಆಮೇಲೆ ಮಗನ ಕೈ ಹಿಡಿದು ಎದ್ದರು.

"ಆತು. ಈ ಸಲಾ ಕುಂಡದಾಗನs ಲಗ್ನ ಆಗಲಿ. ಇಷ್ಟು ವರ್ಷ ಆಗೇದ, ಇನ್ನೊಂದು ವರ್ಷಕ್ಕ ತುಳಸಿ ಏನೂ ಅನ್ನಂಗಿಲ್ಲ. ಆದ್ರ ಹೊಸಾ ಕಲ್ಲು ಮಾತ್ರ ಈಗs ಆರಸಬೇಕು. ನಾನs ಆರಸ್ತೀನಿ."

ಆ ಬಿಸಿಲಲ್ಲಿ ಅಜ್ಜಿ ಅಂಗಳವನ್ನೆಲ್ಲ ಸುತ್ತಿದರು. ಒಂದೊಂದು ಬ್ಲಾಕಿನ ಮುಂದೆ ನಿಂತು ಉಗುರು ಆಡಿಸಿದರು, ಪಿನ್ನು ಆಡಿಸಿದರು. ಶಿವಬಸವ್ವ ಚೆನ್ನಾಗಿದೆ ಎಂದ ಎರಡನ್ನು ಬೇಡವೆಂದರು. "ಅಮ್ಮಾರ, ಅದರಾಗ ಏನೂ ಇಲ್ರಿ" ಎಂದರೆ, "ನೀ ಮೊದಲು ಆ ವೃಂದಾವನದಾಗೂ ಏನೂ ಕಂಡಿರಲಿಲ್ಲ" ಎಂದರು. ಕೊನೆಗೆ ಅಪ್ಪಟ ನಸುಗೆಂಪಿನ, ಎಲ್ಲಿಯೂ ಮಿಂಚದ ಕಲ್ಲೊಂದರ ಮೇಲೆ ಕೈಯಿಟ್ಟು, "ಇದು" ಎಂದರು. ಕೆತ್ತಿ ಆಗಿದ್ದ ವೃಂದಾವನವನ್ನು ಒಡೆಯಗೊಡಲಿಲ್ಲ. ಅದನ್ನು ಚೇತನಕುಮಾರ ಆಫೀಸಿನ ಒಳಗೆ, ನೀರು ತಾಕದ ಕಡೆಗೆ ನಿಲ್ಲಿಸಿದ. ಅದನ್ನು ನೋಡಿದವರು ಮುಕ್ತಾರನಿಗೆ ಒಪ್ಪಿಸಿದ ಕೆಲಸ ಇಂದಿಗೂ ಮುಗಿದಿಲ್ಲ.

ತುಳಸಿ ಲಗ್ನಕ್ಕೆ ಶಿವಬಸವ್ವನಿಗೆ ಕರೆ ಬಂತು. ಅಮಾತೆಪ್ಪ ಅಂಗಡಿಯಿಂದ ಒಳ್ಳೆಯ ಸೀರೆಯೊಂದನ್ನು ತಂದು ಉಡಿಸಿ ಕಳಿಸಿದ. ನವನಗರದ ಆ ಮನೆಯ ಅಂಗಳದಲ್ಲಿ, ಕಬ್ಬಿನ ಚಪ್ಪರದ ಕೆಳಗೆ, ಸುಣ್ಣ ಬಳಿದ ಮಣ್ಣಿನ ಕುಂಡದಲ್ಲಿ ತುಳಸಿ ನೆಲ್ಲಿಕಾಯಿಯ ಟೊಂಗೆಯ ಜೊತೆಗೆ ನಿಂತಿತ್ತು. ಓಣಿಯ ಹೆಂಗಸರೆಲ್ಲ ಸೇರಿದ್ದರು. ಸರಸ್ವತೀಬಾಯಿಯವರು ಶಿವಬಸವ್ವನ ಕೈ ಹಿಡಿದು ನಡುವೆ ತಂದು ಕೂರಿಸಿ, "ನಾ ಹೇಳಿದ್ದೆನಲ್ಲ, ಕೇಳಿದ್ದನ್ನ ಕೊಡಂಗಿಲ್ಲ ಅಂದಾಕಿ, ಈಕಿನs ನೋಡ್ರಿ" ಎಂದರು. ಅವರ ದನಿಯಲ್ಲಿದ್ದ ಹೆಮ್ಮೆಗೆ ಶಿವಬಸವ್ವ ತಲೆ ತಗ್ಗಿಸಿದಳು.

ಪಕ್ಕದ ಮನೆಯ ರಮಾಬಾಯಿ ಮುಂದೆ ಬಾಗಿದರು. "ನಿಮ್ಮನ್ನ ನೋಡಬೇಕಂತನs ಇದ್ದೆ. ನಮ್ಮ ಬಚ್ಚಲಕ್ಕ ಮೊನ್ನೆ ಹೊಸಾ ಕಲ್ಲು ಹಾಕಿಸೇವಿ, ಬ್ಯಾರೆ ಕಡೀದು. ಬಂಗಾರದಂಗ ಮಿಂಚತದ. ಒಂದ ಸಲ ಬಂದು ನೋಡ್ತೀರೇನು?"

ಶಿವಬಸವ್ವ ಏಳಲು ಹೋದಳು. ಅಜ್ಜಿ ಆಕೆಯ ಹೆಗಲು ಒತ್ತಿ ಕೂರಿಸಿದರು.

"ನೀ ಕೂಡು. ಕೋಸಂಬರಿ ತಿನ್ನು, ದೂರದಿಂದ ಬಂದೀ" ಎಂದು ಹೇಳಿ, ಸೀರೆಯ ನಿರಿಗೆಯನ್ನು ಎತ್ತಿ ಹಿಡಿದರು. "ರಮಾ, ನಡಿ. ಅದನ್ನ ನಾನs ನೋಡ್ತೀನಿ."